ಕುಣಿಯೋರ ಹೊತ್ತು

ಜೂನ್ ೧೦, ಸೋಮವಾರ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ರಾಯಚೂರು ಸ್ಟೇಷನ್ ರಸ್ತೆಯ ಗೇಮ್ ಅಂಗಡಿಗೆ ಹೋದರೆ ನನ್ನ ಕುರ್ಚಿಯೇ ಇರಲಿಲ್ಲ. ಅದರ ಪಕ್ಕದ್ದೂ ಇಲ್ಲ. ಅಂಗಡಿಯ ಶಾಮೀದಸಾಬರು ಎರಡನ್ನೂ ಹಿಂದಿನ ಗೋಡೆಗೆ ಒಟ್ಟಿ, ನಡುವೆ ಒಂದು ಕೋಣೆಯಷ್ಟು ಜಾಗ ಬರಿದು ಮಾಡಿ, ಎದುರಿಗೆ ದೊಡ್ಡ ಟಿ.ವಿ. ತೂಗುಹಾಕಿದ್ದರು. ಅದರ ಕೆಳಗೆ ಕ್ಯಾಮರಾ ಇರುವ ಉದ್ದನೆಯ ಪೆಟ್ಟಿಗೆ. ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲವಂತೆ. ಅದರ ಮುಂದೆ ನಿಂತು ಕೈ ಬೀಸಿದರೆ ಪರದೆಯ ಮೇಲಿನ ಗೊಂಬೆ ಕೈ ಬೀಸಿ ಚೆಂಡು ಹೊಡೆಯುತ್ತದೆ. ನಾವು ಬಗ್ಗಿದರೆ ಅದೂ ಬಗ್ಗುತ್ತದೆ. ದಿನಾ ಸಂಜೆ ಐದರಿಂದ ಏಳರವರೆಗೆ ಆ ಜಾಗ ಹೆಂಗಸರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ. ನಾವು ಹಳಬರು ಬದಿಯ ಗೋಡೆಗೆ ಉಳಿದಿರುವ ಸೀಟುಗಳಲ್ಲಿ ಹೊಂದಿಕೊಂಡು ಆಡಬೇಕಂತೆ.

ಮಾನ್ವಿಯಲ್ಲಿ ರೈಸ್ ಮಿಲ್ಲು ಇರುವ ಶಿವರಾಜಣ್ಣ ಅಲ್ಲಿಂದ ಬೈಕಿನಲ್ಲಿ ಬಂದವನು ಹೆಲ್ಮೆಟ್ ತೆಗೆಯದೆ ಅದನ್ನೇ ನೋಡುತ್ತ ನಿಂತ. ನನಗೆ ಹೊಡೆದಾಟದ ಗೇಮು ಕಲಿಸಿದವನು ಅವನೇ. ಅವನು, ವಿನೋದ, ನಾನು, ಮೂವರೂ ಸೇರಿ ಹೈದರಾಬಾದಿನ ಪಂದ್ಯಕ್ಕೆ ಹೋಗುವವರು. ಇದು ಆಟವಲ್ಲ, ಕುಣಿತ ಎಂದ ಶಿವರಾಜಣ್ಣ. ನನಗೂ ಹಾಗೇ ಅನಿಸಿತು. ಒಂದು ಹೊಡೆತ ಸರಿಯಾಗಿ ಬೀಳಬೇಕಾದರೆ ಕಣ್ಣಿಗಿಂತ ಮೊದಲು ಹೆಬ್ಬೆರಳು ಓಡಬೇಕು. ಅದನ್ನು ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು. ಹೆಬ್ಬೆರಳಿನ ಬದಿಗೆ ಗಂಟು ಕಟ್ಟಿದೆ. ಈಗ ಯಾರು ಬೇಕಾದರೂ ಬಂದು ಕೈ ಝಾಡಿಸಿ ಗೆಲ್ಲಬಹುದೆಂದರೆ ಇದಕ್ಕೆ ಅರ್ಥವೇನು?

ಆ ಕುರ್ಚಿಯಲ್ಲಿ ಕೂತಾಗ ನಾನು ದೇವದುರ್ಗದ ತಾಯಪ್ಪನ ಮಗಳು ಅಂಬಿಕಾ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ನನ್ನನ್ನು ನೋಡದೆ ನನ್ನ ಆಟ ನೋಡುತ್ತಾರೆ. ಊರಿನಲ್ಲಿ ಅಂಥ ಜಾಗ ನನಗೆ ಬೇರೆ ಎಲ್ಲಿದೆ? ನಾನಿರುವುದು ಅತ್ತೆಯ, ಅಂದರೆ ಅಪ್ಪನ ಅಕ್ಕನ, ಮನೆಯಲ್ಲಿ; ಅವಳಿಗೆ ಕಂಪ್ಯೂಟರ್ ಕ್ಲಾಸೆಂದು ಹೇಳಿ ಬರುತ್ತಿದ್ದೇನೆ. ಅದೂ ಹೋದರೆ ಲ್ಯಾಬು, ಮನೆ, ಲ್ಯಾಬು, ಮನೆ.

ಜೂನ್ ೧೪, ಶುಕ್ರವಾರ

ಇವತ್ತು ಹೊಸಬರು ಬಂದರು. ಬಾಗಿಲಲ್ಲಿ ಶಾಮೀದಸಾಬರ ಹೆಂಡತಿ ಮುನ್ನೀ ಬೀ ಸ್ಟೂಲು ಹಾಕಿಕೊಂಡು ಕೂತಿದ್ದರು. ಅವರು ಅಂಗಡಿಗೆ ಬಂದಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಈ ಹೆಂಗಸರ ಹೊತ್ತು ಅವರದೇ ವಿಚಾರವಂತೆ.

ಶಿವರಾಜಣ್ಣ ಆಟ ನಿಲ್ಲಿಸಿ ಕುರ್ಚಿ ತಿರುಗಿಸಿಕೊಂಡ. ನಮಗೂ ಹಾಗೇ ಮಾಡಲು ಹೇಳಿದ.

"ನಾವೇನೂ ಮಾಡಂಗಿಲ್ಲ. ಬರೇ ಕುಂದ್ರೂದು, ನೋಡೂದು. ಅವರs ಹೊಂಟು ಹೋಗ್ತಾರ."

ಹಾಗೇ ಆಯಿತು. ಒಬ್ಬ ಕಾಲೇಜು ಹುಡುಗಿ ಕೈ ಎತ್ತಿದಳು, ನಮ್ಮ ಕಡೆ ನೋಡಿದಳು, ದುಪ್ಪಟ್ಟಾ ಸರಿಮಾಡಿಕೊಂಡಳು, ಮತ್ತೆ ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ಹೋದರು. ನೋಡಿದರೆ ತಡೆದುಕೊಳ್ಳಲಾಗದವರು ಆಡಲು ಯಾಕೆ ಬರಬೇಕು? ನಾನು ಮೊದಲ ಸಲ ಬಂದಾಗ ನನ್ನನ್ನೂ ಹೀಗೇ ನೋಡಿದ್ದರು. ನಾನು ಕೂತೆ. ಗೆದ್ದೆ.

ಮುನ್ನೀ ಬೀ ನನ್ನನ್ನು ಮಾತ್ರ ಬಹಳ ಹೊತ್ತು ನೋಡಿದರು.

ಜೂನ್ ೧೯, ಬುಧವಾರ

ಮುನ್ನೀ ಬೀ ಅಡ್ಡ ಪರದೆ ಕಟ್ಟಿಸಿದ್ದಾರೆ. ಹೂವಿನ ಚಿತ್ತಾರದ ದಪ್ಪ ಬಟ್ಟೆ, ಮದುವೆಯ ಶಾಮಿಯಾನಾದ್ದಿರಬೇಕು. ಈಗ ನಮಗೆ ಏನೂ ಕಾಣುವುದಿಲ್ಲ. ನಗು ಮಾತ್ರ ಕೇಳಿಸುತ್ತದೆ. ಆ ನಗುವಿನಲ್ಲಿ ಎದುರಾಳಿಯ ಹೊಡೆತದ ಸದ್ದು ಗೊತ್ತಾಗದೆ ಇವತ್ತು ವಿನೋದನ ಕೈಯಲ್ಲಿ ಸೋತೆ.

ಹುಡುಗರು ಇದಕ್ಕೆ 'ಕುಣಿಯೋರ ಹೊತ್ತು' ಎಂದು ಹೆಸರಿಟ್ಟಿದ್ದಾರೆ. ಇಂಥದ್ದು ಒಂದು ಬಂದರೆ ಮುಂದಿನ ವರ್ಷ ಎಲ್ಲ ಸೀಟೂ ಹೋಗುತ್ತವೆ, ಗೇಮು ಮಾಡುವ ಕಂಪನಿಗಳೂ ನಮ್ಮಂಥವರಿಗೆ ಗೇಮು ಮಾಡುವುದನ್ನೇ ಬಿಡುತ್ತವೆ ಎಂದು ಶಿವರಾಜಣ್ಣ ಹೇಳಿದ.

ಆಮೇಲೆ ನನ್ನೊಬ್ಬಳನ್ನೇ ಕರೆದು ಇನ್ನೊಂದು ಮಾತು ಹೇಳಿದ. ನೀನು ಹೆಣ್ಣುಮಗಳು, ಪರದೆಯ ಒಳಗೆ ಹೋದರೆ ಯಾರೂ ಕೇಳುವುದಿಲ್ಲ. ಯಾರು ಯಾರು ಬರುತ್ತಾರೆ, ಏನು ಮಾಡುತ್ತಾರೆ ನೋಡಿಕೊಂಡು ಬಾ. ಎರಡು ವರ್ಷದಲ್ಲಿ ಶಿವರಾಜಣ್ಣ ನನ್ನನ್ನು ಹೆಣ್ಣುಮಗಳು ಎಂದದ್ದು ಇದೇ ಮೊದಲು. ಬೇಡವೆನ್ನಲು ಹೆದರಿಕೆಯಾಯಿತು. ಸರಿ ಎಂದೆ.

ಜೂನ್ ೨೩, ರವಿವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಪರದೆಯ ಒಳಗೆ ಹೋಗಿ ಒಟ್ಟಿದ ಕುರ್ಚಿಗಳ ಬಳಿ ನಿಂತಿದ್ದೆ. ಇಬ್ಬರು ಮಕ್ಕಳು ಆಡಿ ಮುಗಿಸಿದರು. ಹೊರಗೆ ಬಾಗಿಲಲ್ಲಿ ಪಕ್ಕದ ಮನೆಯ ರಾಧಕ್ಕನ ದನಿ ಕೇಳಿತು. ಅದರ ಹಿಂದೆಯೇ, ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳುತ್ತಿದ್ದ ಇನ್ನೊಂದು ದನಿ. ನನ್ನ ಅತ್ತೆ ಬೂದೆಮ್ಮ.

ಓಡಲು ದಾರಿ ಇರಲಿಲ್ಲ. ಕುರ್ಚಿಗಳ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಅತ್ತೆ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು. ಬೆಳಿಗ್ಗೆಯಿಂದ ರೊಟ್ಟಿ ಬಡಿದು ಬಡಿದು ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಹೆರಳು ಹಾಕಿಕೊಳ್ಳಲೂ ನನ್ನನ್ನೇ ಕರೆಯುತ್ತಾಳೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಟಿ.ವಿ.ಯ ಮುಂದೆ ನಿಂತಳು. ಅದರಲ್ಲಿ ಅವಳ ಗೊಂಬೆ ಎದ್ದಿತು. ಚೆಂಡು ಬಂದಾಗ ಎಡಗೈ ಬೀಸಿದಳು, ಆಮೇಲೆ ಬಲಗೈ ಅರ್ಧ ಎತ್ತಿದಳು. ಚೆಂಡು ಗೋಡೆಗೆ ಬಡಿದು ಇಟ್ಟಿಗೆ ಉದುರಿತು. ಅತ್ತೆ ನಕ್ಕಳು. ಹಾಗೆ ನಗುವುದನ್ನು ನಾನು ಮನೆಯಲ್ಲಿ ಕೇಳಿಲ್ಲ.

ಅಷ್ಟರಲ್ಲಿ ಅವಳ ಗೊಂಬೆಯ ಹಿಂದೆ ಇನ್ನೊಂದು ಗೊಂಬೆ ಕಾಣಿಸಿಕೊಂಡಿತು. ಮೊಣಕಾಲಿನಲ್ಲಿ ಮುಖ ಹುದುಗಿಸಿ ಕೂತ ಗೊಂಬೆ. ಪೆಟ್ಟಿಗೆಯ ಕಣ್ಣು ಕುರ್ಚಿಗಳ ಸಂದಿಯಿಂದ ನನ್ನನ್ನೂ ಹಿಡಿದಿತ್ತು. ನಾನು ಇನ್ನಷ್ಟು ಮುದುಡಿದೆ. ಗೊಂಬೆಯೂ ಮುದುಡಿತು.

"ಇಕಿ ಯಾರವ್ವ ಎರಡನೇದಾಕಿ?" ಎಂದಳು ಅತ್ತೆ.

ಮುನ್ನೀ ಬೀ ತಿರುಗಿ ನನ್ನನ್ನು ನೋಡಿದರು. ನಾನು ಕೈ ಮುಗಿದೆ. ಅವರು ನಿಧಾನವಾಗಿ ನಡೆದು ಬಂದು ಕುರ್ಚಿಗಳ ಮುಂದೆ ಸೀರೆ ಹರಡಿ ನಿಂತರು. ಹೊಸ ಮಷೀನು, ಒಮ್ಮೊಮ್ಮೆ ಇಲ್ಲದವರನ್ನೂ ತೋರಿಸುತ್ತದೆ ಎಂದು ಹೇಳಿದರು. ಗೊಂಬೆ ಮಾಯವಾಯಿತು. ಅತ್ತೆ ಹೋಗುವವರೆಗೆ ಅವರು ಅಲ್ಲಿಂದ ಕದಲಲಿಲ್ಲ. ಆಮೇಲೂ ಏನೂ ಕೇಳಲಿಲ್ಲ.

ಶಿವರಾಜಣ್ಣನಿಗೆ, ಮುದುಕಿಯರು ಮಕ್ಕಳು ಬರುತ್ತಾರೆ, ವಿಶೇಷವೇನಿಲ್ಲ ಎಂದು ಹೇಳಿದೆ.

ಜೂನ್ ೨೪, ಸೋಮವಾರ

ಹೆರಳು ಹಾಕುವಾಗ ಅತ್ತೆ ತಾನಾಗಿ ಬಾಯಿಬಿಟ್ಟಳು. ರಾಧಕ್ಕ ಎಲ್ಲಿಗೋ ಕರೆದುಕೊಂಡು ಹೋಗಿದ್ದಳಂತೆ. ಏನೋ ಆಟವಂತೆ. ದೇವದುರ್ಗಕ್ಕೆ, ನಿಮ್ಮಪ್ಪನ ಕಿವಿಗೆ ಹಾಕಬೇಡ ಎಂದಳು. ಹೇಳುವುದಿಲ್ಲ ಎಂದೆ. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಜುಲೈ ೧, ಸೋಮವಾರ

ಅತ್ತೆ ವಾರದಲ್ಲಿ ಮೂರು ಸಲ ಹೋಗಿಬಂದಿದ್ದಾಳೆ. ಇವತ್ತು ಬೆಳಿಗ್ಗೆ ತಾನೇ ತುರುಬು ಕಟ್ಟಿಕೊಂಡಳು. ನನ್ನನ್ನು ಕರೆಯಲಿಲ್ಲ.

ಆದರೆ ಬರೆಯಬೇಕಾದ್ದು ಅದಲ್ಲ.

ಆ ಮಷೀನು ಆಡುವವರ ಚಿಕ್ಕ ಚಿಕ್ಕ ವಿಡಿಯೊ ತಾನಾಗಿ ಹಿಡಿದಿಡುತ್ತದಂತೆ, ಆಟ ಮುಗಿದ ಮೇಲೆ ನಮಗೇ ತೋರಿಸಲು. ಅಂಗಡಿಯ ಕಂಪ್ಯೂಟರು ಕೆಟ್ಟರೆ ಸರಿಮಾಡುವವನು ಶಿವರಾಜಣ್ಣ, ಅವನಿಗೆ ಎಲ್ಲ ಪಾಸ್‌ವರ್ಡೂ ಗೊತ್ತು. ಎಲ್ಲವನ್ನೂ ಫೋನಿಗೆ ಇಳಿಸಿಕೊಂಡಿದ್ದಾನೆ. ಇವತ್ತು ನಮ್ಮ ಮೂವರ ಗ್ರೂಪಿಗೆ ಒಂದನ್ನು ಹಾಕಿದ.

ಅದರಲ್ಲಿ ಅತ್ತೆ ಇದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತೆರೆದು ನಗುತ್ತ ಕೈ ಬೀಸುತ್ತಿದ್ದಾಳೆ. ಅವಳ ನಗು ತೆಗೆದು ಕತ್ತೆ ಒದರುವ ಸದ್ದು ಕೂಡಿಸಿದ್ದಾನೆ. ಮೂಲೆಯಲ್ಲಿ, ಕುರ್ಚಿಗಳ ಸಂದಿಯಲ್ಲಿ, ಹಸಿರು ಚೂಡಿದಾರದಲ್ಲಿ ಮೊಣಕಾಲಿಗೆ ಬಾಗಿದ ನನ್ನ ಬೆನ್ನು. ಮುಖ ಕಾಣುವುದಿಲ್ಲ.

ವಿನೋದ ನಗುವ ಗುರುತುಗಳನ್ನು ಸಾಲಾಗಿ ಹಾಕಿದ. ನನ್ನದೊಂದೇ ಬಾಕಿ ಇತ್ತು. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀ ಎಂದು ಕೇಳುತ್ತಾರೆ. ನಾನೂ ಒಂದು ಹಾಕಿದೆ.

ನೀನು ಯಾಕೆ ಅಡಗಿದ್ದೆ ಎಂದು ಶಿವರಾಜಣ್ಣ ಕೇಳಿದ. ಮಷೀನಿಗೆ ಕಾಣಬಾರದೆಂದು ಎಂದೆ. ಆ ಹೆಂಗಸು ಯಾರೆಂದು ಅವನಿಗೆ ಗೊತ್ತಿಲ್ಲ. ಹೇಳಿದರೆ ಏನಾಗುತ್ತದೋ, ಹೇಳದಿದ್ದರೆ ಏನಾಗುತ್ತದೋ.

ಅತ್ತೆ ಊಟಕ್ಕೆ ಕರೆಯುತ್ತಿದ್ದಾಳೆ.

ಜುಲೈ ೩, ಬುಧವಾರ

ಶಿವರಾಜಣ್ಣ ಚಹಾದ ಅಂಗಡಿಯಲ್ಲಿ ಕೂತು ಎಲ್ಲವನ್ನೂ ವಿವರಿಸಿದ. ದನಿ ಏರಿಸಲಿಲ್ಲ. ಅವನು ಪಂದ್ಯದ ಮೊದಲೂ ಹೀಗೇ ಮಾತಾಡುತ್ತಾನೆ. ಹೆಂಗಸರ ಹೊತ್ತು ನಿಲ್ಲಿಸಿ ಕುರ್ಚಿಗಳನ್ನು ಮೊದಲಿನಂತೆ ಹಾಕಿದರೆ ವಿಡಿಯೊಗಳು ಎಲ್ಲಿಗೂ ಹೋಗುವುದಿಲ್ಲ. ಇಲ್ಲದಿದ್ದರೆ ರಾಯಚೂರಿನ ಎಲ್ಲ ಫೋನಿಗೂ ಹೋಗುತ್ತವೆ. ಈ ಮಾತನ್ನು ಮುನ್ನೀ ಬೀಗೆ ನಾನು ಮುಟ್ಟಿಸಬೇಕು. ಹುಡುಗರು ಹೇಳಿದರೆ ಜಗಳವಾಗುತ್ತದೆ, ಹುಡುಗಿ ಹೇಳಿದರೆ ಹೆದರುತ್ತಾರೆ ಎಂಬುದು ಅವನ ಲೆಕ್ಕ.

ಬೇರೆ ಯಾರಾದರೂ ಹೇಳಲಿ ಎಂದೆ.

"ಅದರಾಗ ನೀನೂ ಅದೀ ಅಂಬಿ. ಮರೀಬ್ಯಾಡ," ಎಂದ. ಹೇಳಿ ನನ್ನ ಕಡೆ ಬಿಸ್ಕೀಟಿನ ತಟ್ಟೆ ಸರಿಸಿದ.

ಜುಲೈ ೪, ಗುರುವಾರ

ಹೇಳಿದೆ.

ಮುನ್ನೀ ಬೀ ಪರದೆಯ ಒಳಗೆ ಕಸ ಗುಡಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಕಸಬರಿಗೆ ಗೋಡೆಗೆ ಆನಿಸಿ, ಅಲ್ಲೇ ನೆಲದ ಮೇಲೆ ಕೂತರು. ಯಾರು ಕಳಿಸಿದರೆಂದು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

"ನಿನ್ನ ಅವತ್ತು ನಾ ಮುಚ್ಚಿ ನಿಂತೆ ಬೇಟಿ. ಈಗ ಇಷ್ಟು ಮಂದೀನ ಹೆಂಗ ಮುಚ್ಚಲಿ?"

ಸಂಜೆಗೆ ಬಾಗಿಲಿಗೆ ಬೋರ್ಡು ಬಿತ್ತು, ಮಷೀನು ರಿಪೇರಿಯಲ್ಲಿದೆ ಎಂದು. ಶಾಮೀದಸಾಬರು ಯಾರೊಂದಿಗೂ ಮಾತಾಡದೆ ಕುರ್ಚಿಗಳನ್ನು ಹೊತ್ತು ತಂದು ಮೊದಲಿನ ಜಾಗಕ್ಕಿಟ್ಟರು. ವಿನೋದ ನನ್ನ ಕೈ ಕುಲುಕಿದ. ಹೈದರಾಬಾದಿಗೆ ಹೋಗಿಬರುವವರೆಗೆ ಇನ್ನು ಯಾರ ಕಾಟವೂ ಇಲ್ಲವೆಂದ.

ನನ್ನ ಕುರ್ಚಿ ಸಿಕ್ಕಿತು. ಕೂತು ಆಡಿದೆ. ಬೆರಳು ಒಂದನ್ನು ಒತ್ತಬೇಕೆಂದರೆ ಇನ್ನೊಂದನ್ನು ಒತ್ತಿತು. ಮೂರು ಸಲ ಸೋತೆ. ಕಂಟ್ರೋಲರ್ ಹಳೆಯದಾಗಿರಬೇಕು.

ಜುಲೈ ೮, ಸೋಮವಾರ

ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಬಿನ ಕೌಂಟರಿನಲ್ಲಿ ಕೂರುವ ಹುಡುಗಿ ಫೋನು ನೋಡಿ ನಗುತ್ತಿದ್ದಳು. ಕತ್ತೆಯ ಸದ್ದು ನನಗೆ ದೂರದಿಂದಲೇ ಕೇಳಿಸಿತು. ಕೈಯಲ್ಲಿದ್ದ ರಕ್ತದ ಟ್ಯೂಬುಗಳ ಸ್ಟ್ಯಾಂಡು ಜಾರಿತು. ಒಡೆಯಲಿಲ್ಲ, ಪುಣ್ಯ.

ವಿನೋದ ತನ್ನ ಮಾವನ ಮಗನಿಗೆ ಕಳಿಸಿದ್ದನಂತೆ. ಒಬ್ಬನಿಗೇ ಅಂತೆ. ಶಿವರಾಜಣ್ಣನಿಗೆ ಫೋನು ಮಾಡಿದೆ. ಆಗಿಹೋದದ್ದಕ್ಕೆ ಏನು ಮಾಡುವುದು, ಗುರುತಿಲ್ಲದ ಯಾವುದೋ ಮುದುಕಿ, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದ.

ಜುಲೈ ೯, ಮಂಗಳವಾರ

ಅತ್ತೆ ಕೆಲಸಕ್ಕೆ ಹೋಗಲಿಲ್ಲ. ಹಾಸ್ಟೆಲ್ಲಿನ ಹುಡುಗಿಯರು ನಿನ್ನೆ ಅವಳಿಗೇ ತೋರಿಸಿದ್ದಾರೆ. ಅಡುಗೆಮನೆಗೆ ಹೋದರೆ ಯಾರೋ ಕತ್ತೆಯಂತೆ ಒದರಿದ್ದಾರೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಗಂಜಿ ಮಾಡಿಟ್ಟೆ. ಮುಟ್ಟಲಿಲ್ಲ. ಬಲಗೈ ಎದೆಗೆ ಒತ್ತಿಕೊಂಡಿದ್ದಾಳೆ.

ದೇವದುರ್ಗದಿಂದ ಅಪ್ಪನ ಫೋನು ಬಂದಿತ್ತು. ನಾನು ಎತ್ತಲಿಲ್ಲ. ಮತ್ತೆ ಬಂತು. ಎತ್ತಿದೆ. ಗುರುವಾರ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟ.

ಜುಲೈ ೧೦, ಬುಧವಾರ

ನಾಳೆ.

ಜುಲೈ ೧೧, ಗುರುವಾರ

ಅಪ್ಪ ಬಂದು ಹೋದ.

ಕೈಕಾಲು ತೊಳೆಯಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ನಿಂತೇ ಮಾತಾಡಿದ. ಓಣಿಯ ಕಟ್ಟೆಯ ಮೇಲೆ ಕೂತ ಹುಡುಗರು ತನ್ನ ಕಣ್ಣೆದುರಿಗೇ ಅದನ್ನು ನೋಡಿ ನಕ್ಕರೆಂದ. ಅಕ್ಕ ಇದ್ದಾಳೆಂದು ಮಗಳನ್ನು ಇಲ್ಲಿ ಬಿಟ್ಟರೆ ಅಕ್ಕನೇ ಹೀಗೆ ಮಾಡಿದಳೆಂದ. ಅತ್ತೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ವರ್ಷ ತಮ್ಮನಿಗೆ ಎದುರಾಡಿದವಳಲ್ಲ.

ಆಮೇಲೆ ಅಪ್ಪ ಫೋನು ತೆಗೆದು, ಚಿತ್ರ ದೊಡ್ಡದು ಮಾಡಿ, ಅವಳ ಮುಂದೆ ಹಿಡಿದ.

"ಇದು ಯಾರ ಬಟ್ಟಿ? ಯುಗಾದಿಗೆ ನಾನs ತಂದಿದ್ದೆ."

ಅತ್ತೆ ತಲೆ ಎತ್ತಿದಳು. ನನ್ನ ಕಡೆ ನೋಡಲಿಲ್ಲ.

"ನಾನs ಕರ್ಕೊಂಡು ಹೋಗಿದ್ನಪ್ಪ. ಅಕಿ ಒಲ್ಲೆ ಒಲ್ಲೆ ಅಂದಳು. ನಾಚಿ ಹೆಂಗ ಕುಂತಾಳ ನೋಡು."

ಅಡಗಿದ್ದವಳು ನಾನೆಂದು ಅವಳಿಗೆ ಗೊತ್ತಿತ್ತು. ಅವತ್ತೇ ಗೊತ್ತಾಗಿತ್ತೋ, ಆಮೇಲೆ ಗೊತ್ತಾಯಿತೋ. ಅಪ್ಪ ಅವಳ ಮೇಲೆ ಕೂಗಾಡಿದ. ಅವಳು ಎಲ್ಲದಕ್ಕೂ ಹೌದಪ್ಪ, ತಪ್ಪಾಯ್ತಪ್ಪ ಎನ್ನುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿ ಯಾಕೆ ತೆರೆಯಿತೋ ಗೊತ್ತಿಲ್ಲ.

"ಅತ್ತಿ ಕರ್ಕೊಂಡು ಹೋಗಿಲ್ಲ ಯಪ್ಪಾ. ನಾ ಎರಡು ವರ್ಷದಿಂದ ಹೋಗಾಕತ್ತೀನಿ. ಕಂಪ್ಯೂಟರ್ ಕ್ಲಾಸ್ ಯಾವ್ದೂ ಇಲ್ಲ."

ಅಪ್ಪ ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದ. ಆಷಾಢ ಮುಗಿಯುವುದರೊಳಗೆ ಗಂಟುಮೂಟೆ ಕಟ್ಟು, ರಾಯಚೂರು ಸಾಕು, ಗಂಡು ನೋಡುತ್ತೇನೆ ಎಂದ. ಬಿಸಿಲಲ್ಲೇ ಬಸ್‌ಸ್ಟ್ಯಾಂಡಿಗೆ ಹೊರಟುಹೋದ.

ಅತ್ತೆ ಎದ್ದು, ನಿನ್ನೆಯಿಂದ ಮುಚ್ಚಿಟ್ಟಿದ್ದ ರೊಟ್ಟಿ ಮುರಿದು ನನ್ನ ಮುಂದಿಟ್ಟಳು. ತಾನೂ ಒಂದು ತುಂಡು ತಿಂದಳು. ಬೇಳೆ, ಸೊಪ್ಪಿನ ಹಿಂಡಿ ಪಲ್ಯ ಹುಳಿಯಾಗಿತ್ತು. ಇಬ್ಬರೂ ತಿಂದೆವು.

ಜುಲೈ ೧೪, ರವಿವಾರ

ಮಾನ್ವಿಗೆ ಹೋಗಿದ್ದೆ.

ಬೆಳಿಗ್ಗೆ ಎದ್ದಾಗ ಹೋಗಬೇಕೆಂದು ಅಂದುಕೊಂಡಿರಲಿಲ್ಲ. ಬಸ್ಸು ಕಲ್ಮಲ ದಾಟುವವರೆಗೂ ಇಳಿದುಬಿಡಬೇಕು ಎನಿಸುತ್ತಿತ್ತು. ಕಂಡಕ್ಟರ್ ಎರಡು ಸಲ ಎಲ್ಲಿಗೆ ಎಂದು ಕೇಳಿದ ಮೇಲೆ ಬಾಯಿಂದ ಮಾತು ಹೊರಟಿತು. ಶಿವರಾಜನ ರೈಸ್ ಮಿಲ್ಲು ಎಲ್ಲರಿಗೂ ಗೊತ್ತು. ಗೇಟಿನಲ್ಲಿ ಲಾರಿಗಳ ನಡುವೆ ನಿಂತಾಗ ಕಾಲು ಮುಂದಕ್ಕೆ ಹೋಗಲಿಲ್ಲ. ಹಮಾಲರೆಲ್ಲ ನೋಡುತ್ತಿದ್ದರು. ಸುಮ್ಮನೆ ನೋಡುತ್ತಿದ್ದರು, ಅಷ್ಟೇ. ಅಷ್ಟಕ್ಕೇ ಓಡಿಹೋಗಬೇಕೆನಿಸಿತು. ದುಪ್ಪಟ್ಟಾ ಸರಿಮಾಡಿಕೊಂಡೆ.

ಮಿಲ್ಲಿನ ಪಕ್ಕದಲ್ಲೇ ಮನೆ. ಅವನ ತಾಯಿ ಅನ್ನಮ್ಮ ಹಣೆತುಂಬ ವಿಭೂತಿ ಇಟ್ಟುಕೊಂಡು ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದರು. ಗೇಟಿನಲ್ಲಿ ನಿಂತ ನನ್ನನ್ನು ತಾವೇ ಕರೆದರು. ಮಗನ ಜೊತೆ ರಾಯಚೂರಿನಲ್ಲಿ ಗೇಮ್ ಆಡುವವಳೆಂದು ಹೇಳಿದೆ. ಹೆಣ್ಣುಮಕ್ಕಳೂ ಆಡುತ್ತಾರೇನು ಎಂದು ನಕ್ಕು, ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟರು. ಶಿವರಾಜ ಅಷ್ಟರಲ್ಲಿ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

ಅವನ ಜೊತೆ ಹೊರಗೆ ಹೋಗಿ ಮಾತಾಡಬೇಕೆಂದು ಬಂದಿದ್ದೆ. ಆದರೆ ಅನ್ನಮ್ಮ, ನೀವು ಆಡುವ ಆಟ ಎಂಥದವ್ವ, ಇವನು ನನಗೆ ಒಂದು ದಿನವೂ ತೋರಿಸಿಲ್ಲ ಎಂದರು. ನಾನು ಫೋನು ತೆಗೆದೆ. ಅತ್ತೆಯ ಆ ವಿಡಿಯೊವನ್ನೇ ಹಚ್ಚಿ ಅವರ ಕೈಗೆ ಕೊಟ್ಟೆ.

ಶಿವರಾಜನ ಮುಖ ನೋಡಿದೆ. ಎರಡು ವರ್ಷದಲ್ಲಿ ಯಾವ ಎದುರಾಳಿಯ ಮುಂದೆಯೂ ಅವನ ಮುಖ ಹಾಗಾಗಿರಲಿಲ್ಲ. ಕೈ ಚಾಚಿದ, ಹಿಂದೆಗೆದ. ಅವನಿಗೂ ಹೆದರಿಕೆ ಎಂಬುದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟೆ.

ಅನ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಎರಡನೇ ಸಲವೂ ನೋಡಿದರು.

"ಎಷ್ಟು ಚಂದ ನಗಾಕತ್ತಾಳವ್ವ ಈ ಹೆಣ್ಮಗಳು. ಇದಕ್ಕ ಈ ಕತ್ತಿ ಒದರೂ ಸದ್ದು ಯಾರು ಹಾಕ್ಯಾರ?"

"ಅಕಿ ನಮ್ಮ ಅತ್ತಿ ರೀ," ಎಂದೆ. "ಸದ್ದು ಯಾರು ಹಾಕ್ಯಾರಂತ ಶಿವರಾಜನ್ನ ಕೇಳ್ರಿ."

ಫೋನು ತೆಗೆದುಕೊಂಡು ಎದ್ದೆ. ಮಜ್ಜಿಗೆ ಪೂರ್ತಿ ಕುಡಿದಿರಲಿಲ್ಲ. ಗೇಟು ದಾಟಿದ ಮೇಲೆ ಅನ್ನಮ್ಮನ ದನಿ ಒಂದೇ ಸಲ ಕೇಳಿತು, ಮಗನ ಹೆಸರು ಹಿಡಿದು ಕರೆದದ್ದು. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಜುಲೈ ೧೬, ಮಂಗಳವಾರ

ಶಿವರಾಜ ಒಂದು ಮೆಸೇಜು ಕಳಿಸಿದ್ದಾನೆ. "ನಿಮ್ಮ ಅತ್ತಿ ಅಂತ ಗೊತ್ತಿದ್ದಿಲ್ಲ." ತನ್ನ ಫೋನಿನಲ್ಲಿ, ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಅಳಿಸಿದ್ದಾನಂತೆ. ಅಂಗಡಿಯ ಪಾಸ್‌ವರ್ಡುಗಳನ್ನು ಶಾಮೀದಸಾಬರು ಬದಲಿಸಿಕೊಂಡರಂತೆ. ಅವನು ಇನ್ನು ರಾಯಚೂರಿಗೆ ಬರುವುದಿಲ್ಲವೆಂದು ವಿನೋದ ಹೇಳಿದ. ಹೈದರಾಬಾದಿಗೆ ನನ್ನ ಬದಲು ಇನ್ನೊಬ್ಬನನ್ನು ಸೇರಿಸಿಕೊಂಡಿದ್ದಾರೆ.

ಮೆಸೇಜನ್ನು ಹತ್ತು ಸಲ ಓದಿದೆ. ನಮ್ಮ ಅತ್ತೆ ಅಲ್ಲದಿದ್ದರೆ? ರಾಧಕ್ಕ ಆಗಿದ್ದರೆ? ಆ ಕಾಲೇಜು ಹುಡುಗಿ ಆಗಿದ್ದರೆ? ಉತ್ತರ ಬರೆಯಲಿಲ್ಲ.

ವಿಡಿಯೊ ಇನ್ನೂ ಓಡಾಡುತ್ತಿದೆ. ಅಳಿಸಿದವನು ಅವನೊಬ್ಬ.

ಜುಲೈ ೨೨, ಸೋಮವಾರ

ಮುನ್ನೀ ಬೀ ಮನೆಗೆ ಬಂದಿದ್ದರು. ಅತ್ತೆಯ ಮುಂದೆ ಕೂತು, ನನ್ನ ಅಂಗಡಿಯಲ್ಲಿ ಹೀಗಾಯಿತು, ಮಾಫ್ ಮಾಡು ಎಂದರು. ಇವತ್ತಿನಿಂದ ಹೆಂಗಸರ ಹೊತ್ತು ಮತ್ತೆ ಶುರುಮಾಡುತ್ತಿದ್ದೇನೆ, ವಿಡಿಯೊ ಹಿಡಿಯುವುದನ್ನು ಬಂದ್ ಮಾಡಿಸಿದ್ದೇನೆ, ಆದರೂ ಯಾರೂ ಬರಲಿಕ್ಕಿಲ್ಲ ಎಂದರು. ನನ್ನ ಕಡೆ ತಿರುಗಿ, ಅದು ನಿಜವಾಗಿ ಬಂದ್ ಆಗಿದೆಯೋ ಇಲ್ಲವೋ ನೋಡಿ ಹೇಳಲು ನನಗೆ ನಂಬುವಂಥ ಒಬ್ಬರು ಬೇಕು ಎಂದರು. ನನ್ನ ಬಗ್ಗೆ ಅಷ್ಟೆಲ್ಲ ಗೊತ್ತಿದ್ದೂ ಹಾಗೆಂದರು.

ಅವರು ಹೋದ ಮೇಲೆ ಅತ್ತೆ ಬಹಳ ಹೊತ್ತು ಒಲೆಯ ಮುಂದೆ ಕೂತಿದ್ದಳು. ಆಮೇಲೆ ಎದ್ದು ಚಪ್ಪಲಿ ಹುಡುಕಿದಳು. ಹೋಗಬೇಡ, ಮತ್ತೆ ಯಾರಾದರೂ ನೋಡುತ್ತಾರೆ ಎಂದು ಸೆರಗು ಹಿಡಿದೆ.

"ಇನ್ನ ನೋಡೂದೇನ್ ಉಳದದ ಬೇ? ಎಲ್ಲಾರೂ ನೋಡ್ಯಾರಲ್ಲ."

ನಾನೂ ಹಿಂದೆ ಹೋದೆ. ಅಂಗಡಿಯಲ್ಲಿ ಅತ್ತೆಯೊಬ್ಬಳೇ ಆಡಿದಳು. ಪರದೆಯ ಆಚೆ ವಿನೋದ ಮತ್ತು ಇನ್ನಿಬ್ಬರು ಇದ್ದರು, ಯಾರೋ ಮೆಲ್ಲಗೆ ಕತ್ತೆಯಂತೆ ಒದರಿದರು. ಅತ್ತೆಯ ಕೈ ಅಲ್ಲೇ ನಿಂತಿತು. ನಾನು ಹೊರಗೆ ಹೋಗಿ ಆ ಮೂವರ ಎದುರಿಗೆ ನಿಂತೆ. ಹೆದರಿಕೆಗೆ ಕಣ್ಣು ಮಿಟುಕಿಸಲೂ ಆಗದೆ ಸುಮ್ಮನೆ ನಿಂತಿದ್ದೆ. ಕೊನೆಗೆ ಅವರೇ ತಮ್ಮ ಆಟದ ಕಡೆ ತಿರುಗಿದರು.

ಜುಲೈ ೨೬, ಶುಕ್ರವಾರ

ಈ ವಾರ ಆರು ಜನ ಬಂದರು. ಆ ಕಾಲೇಜು ಹುಡುಗಿಯೂ ಬಂದಳು, ಹೆಸರು ಕಾವ್ಯಾ. ಅವಳು ಚೆಂಡು ಕಂಡ ಮೇಲೆ ಕೈ ಎತ್ತುತ್ತಾಳೆ, ಅದು ತಡ. ಈ ಮಷೀನು ಕಣ್ಣು ಮಿಟುಕಿಸುವಷ್ಟು ಹಿಂದಿರುತ್ತದೆ, ಹಾಗಾಗಿ ಚೆಂಡು ಹೊರಡುವ ಮೊದಲೇ ಹೆಗಲು ತಿರುಗಿರಬೇಕು. ಅದನ್ನು ಹೇಳಿಕೊಟ್ಟೆ. ಕಂಟ್ರೋಲರಿನಲ್ಲೂ ಹಾಗೇ ಅಲ್ಲವೇ, ಎದುರಾಳಿ ಹೊಡೆಯುವುದನ್ನು ಕಾಯಬಾರದು. ಅತ್ತೆಗಂತೂ ಹೇಳುವುದೇ ಬೇಡ, ರೊಟ್ಟಿ ತಿರುವಿದಂತೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಾಳೆ. ಕೊನೆಯ ಹಂತದಲ್ಲಿ ಐದು ಚೆಂಡು ಒಟ್ಟಿಗೆ ಬರುತ್ತವೆ, ಅಲ್ಲಿ ನಾವೆಲ್ಲ ಸೋಲುತ್ತೇವೆ. ಎಡಗಾಲು ಹಿಂದಿಟ್ಟರೆ ಆಗಬಹುದೆಂದು ನನಗೆ ಅನಿಸುತ್ತಿದೆ. ನಾಳೆ ನೋಡಬೇಕು.

ಅಪ್ಪನ ಫೋನು ಬಂದಿತ್ತು. ರವಿವಾರ ಬರುತ್ತಾನಂತೆ, ಗಂಟು ಕಟ್ಟಿಡಬೇಕಂತೆ.

ಜುಲೈ ೨೮, ರವಿವಾರ

ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆಂದು ಕಾದೆವು. ಬರಲಿಲ್ಲ. ಸಂಜೆಯಾದ ಮೇಲೆ ಅತ್ತೆ, ನಡಿ ಹೋಗಿ ಬರೋಣ ಎಂದಳು. ಬಾಗಿಲಿಗೆ ಬೀಗ ಹಾಕಿ ಹೊರಟೆವು.

ಕಾವ್ಯಾ ಮತ್ತು ಅತ್ತೆ ಕೊನೆಯ ಹಂತದಲ್ಲಿದ್ದರು. ನಾನು ಪಕ್ಕದಲ್ಲಿ ನಿಂತು ಎಡ, ಬಲ ಎಂದು ಕೂಗುತ್ತಿದ್ದೆ. ಬಟ್ಟೆಯ ಪರದೆ ಸರಿಯಿತು. ಅಪ್ಪ ನಿಂತಿದ್ದ. ಕೈಯಲ್ಲಿ ಚೀಲ, ಅಂಗಿಯ ತುಂಬ ಬಸ್ಸಿನ ಧೂಳು. ರಾಧಕ್ಕನನ್ನು ಕೇಳಿಕೊಂಡು ಬಂದಿರಬೇಕು. ಮುನ್ನೀ ಬೀ ಹಿಂದಿನಿಂದ ಓಡಿಬಂದರು, ತಡೆಯಲು ಆಗಿರಲಿಲ್ಲ.

ನನ್ನ ಬಾಯಲ್ಲಿ ಮಾತು ನಿಂತಿತು. ಕಾವ್ಯಾ ಕೈ ಇಳಿಸಿದಳು. ಅತ್ತೆ ಅಪ್ಪನನ್ನು ನೋಡಿದಳು. ಅವಳ ಬಲಗೈ ತಲೆಯ ಮೇಲಿತ್ತು, ಅಲ್ಲೇ ಇತ್ತು. ಚೆಂಡುಗಳು ಬರುತ್ತಲೇ ಇದ್ದವು.

"ತಾಯಪ್ಪಾ, ಅಲ್ಲಿ ನಿಂದ್ರಬ್ಯಾಡ, ಆಟಕ್ಕ ಅಡ್ಡ ಆಗ್ತದ," ಎಂದಳು. "ಒಳಗರೆ ಬಾ, ಹೊರಗರೆ ಹೋಗು."

ಎಂದವಳೇ ತಿರುಗಿ ಹೊಡೆದಳು. ಎಡಗಾಲು ಹಿಂದಿಟ್ಟು ಹೊಡೆದಳು. ಮೂರು ಚೆಂಡು ಸಿಕ್ಕವು, ಎರಡು ತಪ್ಪಿದವು. ನಾನು ಮತ್ತೆ ಬಲ ಎಂದೆ.

ಅಪ್ಪ ಹೊರಗೆ ಹೋದ.

ಆಟ ಮುಗಿಸಿ ನಾವು ಹೊರಗೆ ಬಂದಾಗ ಅಂಗಡಿಯ ಮೆಟ್ಟಿಲ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಪಕ್ಕದಲ್ಲಿ ಶಾಮೀದಸಾಬರು ಕೊಟ್ಟ ಚಹಾ ಆರಿತ್ತು. ದೇವದುರ್ಗದ ಬಸ್ಸು ಹೋಗಿ ಆಗಿತ್ತು. ಅತ್ತೆ ಅವನ ಚೀಲ ತೆಗೆದುಕೊಂಡು ಬಲಗೈಯಲ್ಲಿ ಹಿಡಿದು ಮುಂದೆ ನಡೆದಳು. ಅವನು ಹಿಂದೆ, ಅವನ ಹಿಂದೆ ನಾನು. ಮನೆಗೆ ಬಂದ ಮೇಲೆ ಅಪ್ಪ ಉಂಡ. ಉಪ್ಪು ಕೇಳಿದ. ಈಗ ಹೊರಗಿನ ಕೋಣೆಯಲ್ಲಿ ಮಲಗಿದ್ದಾನೆ, ನಿದ್ದೆ ಬಂದಿಲ್ಲ, ಮಗ್ಗುಲಾಗುವ ಸದ್ದು ಕೇಳುತ್ತಿದೆ. ನಾಳೆ ಏನು ಹೇಳುತ್ತಾನೋ ಗೊತ್ತಿಲ್ಲ.

ನಾಳೆ ಲ್ಯಾಬಿನಲ್ಲಿ ಬೆಳಗಿನ ಪಾಳಿ ನನ್ನದು. ಬಟ್ಟೆಗೆ ಇಸ್ತ್ರಿ ಹಾಕಿಟ್ಟಿದ್ದೇನೆ. ಸಂಜೆ ಬರುವುದು ತಡವಾಗುತ್ತದೆಂದು ಅತ್ತೆಗೆ ಹೇಳಬೇಕು, ಕಾವ್ಯಾ ತನ್ನ ತಾಯಿಯನ್ನು ಕರೆದುಕೊಂಡು ಬರುತ್ತಾಳಂತೆ.